ಬೆಲೆಯಿಲ್ಲದ ಡಬ್ಬಿ

ನಾನು ಹುಡುಗನಾಗಿದ್ದಾಗ ಚನ್ನಗಿರಿಯ ನಮ್ಮ ಮನೆಯಲ್ಲಿ ಕರಿಯ ಲೋಹದ ಒಂದು ಎಲೆಯಡಕೆಯ ಡಬ್ಬಿಯಿದ್ದಿತು. ಮುಚ್ಚಳದ ಮೇಲೆ ಬೆಳ್ಳಿಯ ಬಳ್ಳಿ. ಒಂದು ವರ್ಷ ಹಬ್ಬದ ಮುಂಚೆ ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳೆಲ್ಲ ತಕ್ಕಡಿಯೇರಿ ಹೋಗಿ, ಸ್ಟೀಲು ಪಾತ್ರೆಗಳಾಗಿ ಹಿಂದಿರುಗಿದುವು. ಡಬ್ಬಿಯನ್ನು ಮಾತ್ರ ವ್ಯಾಪಾರಿ ತಿರುಗಿಸಿ ನೋಡಿ, "ಇದಕ್ಕೆ ಬೆಲೆಯಿಲ್ಲ" ಎಂದು ಬದಿಗಿಟ್ಟ. ಹಾಗಾಗಿ ಅದು ಉಳಿಯಿತು.

ಅದು ಬಿದರಿ ಕೆಲಸವೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಕಲೆಗೆ ಆ ಊರಿನದೇ ಹೆಸರು. ಹುಕ್ಕದ ಬುಡ, ಪಾನದಾನ, ಕೈತೊಳೆಯುವ ಹೂಜಿ ಇವೆಲ್ಲ ಸಿರಿವಂತರ ಮನೆಗಳಿಗಾಗಿ ಸಿದ್ಧವಾಗುತ್ತಿದ್ದುವು.

ಮೂಲದ್ರವ್ಯ ಮಾತ್ರ ಸಾಮಾನ್ಯವಾದುದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ, ಚಿತ್ರ ಬರೆದು ಚಾಣದಿಂದ ಕೊರೆಯುತ್ತಾರೆ. ಆ ಕೊರೆತದೊಳಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂಡಿಸುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಿಳುಪಾಗಿ, ಚಿತ್ರವೇ ಮರೆಯಾದಂತಾಗುತ್ತದೆ. ಕೊನೆಗೆ ಬೀದರಿನ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬೆಚ್ಚಗಾದ ಪಾತ್ರೆಗೆ ತಿಕ್ಕುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬದಲಾಗುವುದಿಲ್ಲ.

ಬೀದರಿನಲ್ಲಿ ಬಹಮನಿಗಳ ಆಳ್ವಿಕೆ ಮುಗಿಯುತ್ತ ಬಂದ ಕಾಲದಲ್ಲಿ ಇಟಲಿಯ ಧನಿಕರೂ ಇಂಥ ವಸ್ತುಗಳಿಗೆ ಮನಸೋತಿದ್ದರು. ಅಲ್ಲಿ ಹೆಚ್ಚಿನ ಮನ್ನಣೆ ಚಿನ್ನಕ್ಕೆ. 1527ರಲ್ಲಿ ಶತ್ರುಸೈನ್ಯ ರೋಮನ್ನು ಸೂರೆಗೊಂಡಾಗ, ಕೋಟೆಯಲ್ಲಿ ಅವಿತಿದ್ದ ಪೋಪರ ಅಪ್ಪಣೆಯಂತೆ ಒಡವೆಗಳ ಹರಳು ಕಿತ್ತು ಚಿನ್ನವನ್ನು ಕರಗಿಸಿದವನು ಮತ್ತಾರೂ ಅಲ್ಲ, ಅಕ್ಕಸಾಲಿಗನೇ ಆದ ಬೆನ್ವೆನುತೊ ಚೆಲ್ಲಿನಿ. ಫ್ರಾನ್ಸಿನ ದೊರೆಗಾಗಿ ಅವನು 1543ರಲ್ಲಿ ಮುಗಿಸಿದ ಚಿನ್ನದ ಉಪ್ಪಿನ ಪಾತ್ರೆ ಇಂದು ವಿಯೆನ್ನಾದಲ್ಲಿದೆ. ಅವನ ಚಿನ್ನದ ಕೆಲಸದಲ್ಲಿ ಬಹುಪಾಲು ಉಳಿದಿಲ್ಲ. ಕಷ್ಟಕಾಲದಲ್ಲಿ ಕುಸುರಿಗೆ ಬೆಲೆಯಿಲ್ಲ, ತೂಕಕ್ಕೆ ಬೆಲೆ.

ಬಿದರಿಯನ್ನು ಕರಗಿಸಿ ಲಾಭವಿಲ್ಲ. ಅದರ ಬೆಲೆಯೆಲ್ಲ ಕೊರೆದ ಕೈಯದು. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಆದರೂ ಕೊಳ್ಳುವ ನಾವು, ಬೆಳ್ಳಿ ಎಷ್ಟು ಕೂಡಿದೆಯೆಂದು ಮೊದಲು ಕೇಳುತ್ತೇವೆ. ಎಷ್ಟು ದಿನದ ಕೆಲಸವೆಂದು ಕೇಳುವುದಿಲ್ಲ. ಆ ವ್ಯಾಪಾರಿಯನ್ನು ನಾನು ಬಹಳ ದಿನ ಹಳಿದಿದ್ದೆ. ಈಗ ಹಳಿಯಲು ನಾಲಿಗೆ ಏಳುವುದಿಲ್ಲ.