ಬೀಜಕ್ಕಾಗಿ ಬೆಳೆಯುವ ಸೂರ್ಯಕಾಂತಿಗೆ ಆಸರೆ ಮತ್ತು ರಕ್ಷಣೆ

ಹಿತ್ತಲಿನಲ್ಲಿ ಹತ್ತಿಪ್ಪತ್ತು ಸೂರ್ಯಕಾಂತಿ ಗಿಡಗಳನ್ನು ಬೆಳೆದು ಮುಂದಿನ ವರ್ಷಕ್ಕೆ ಬೀಜ ತೆಗೆದಿಡುವುದು ಸುಲಭವಾದ ಕೆಲಸವೆಂದು ಅನೇಕರು ಎಣಿಸುವರು. ಗಿಡವು ಹೂ ಬಿಡುವವರೆಗೆ ಚೆನ್ನಾಗಿಯೇ ಬೆಳೆಯುವುದು. ಆದರೆ ಕಾಳು ಬಲಿಯುವ ಕಡೆಯ ದಿವಸಗಳಲ್ಲಿ ಒಂದು ಬಿರುಗಾಳಿಯಾಗಲಿ, ಒಂದು ಗಿಳಿಯ ಹಿಂಡಾಗಲಿ ಬಂದಲ್ಲಿ ಶ್ರಮವೆಲ್ಲವೂ ನಿಷ್ಫಲವಾಗುವುದು. ಎಣ್ಣೆಗಾಗಿ ಬೆಳೆದವನಿಗೆ ಇದರಿಂದ ಒಂದು ಫಸಲಿನ ನಷ್ಟ. ಬೀಜಕ್ಕಾಗಿ ಬೆಳೆದವನಿಗೆ ತಳಿಯೇ ನಷ್ಟ. ಆದಕಾರಣ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರು ಕೆಳಗಿನ ಕ್ರಮಗಳನ್ನು ಗಮನಿಸುವುದು ಉತ್ತಮ.

ತಳಿಯ ವಿಚಾರ.— ಮೊದಲು ಕೈಯಲ್ಲಿರುವ ಬೀಜವು ಯಾವ ಬಗೆಯದೆಂದು ತಿಳಿಯತಕ್ಕದ್ದು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್.ಎಚ್.-1 ಎಂಬ ದೇಶದ ಮೊಟ್ಟಮೊದಲ ಸಂಕರ ಸೂರ್ಯಕಾಂತಿಯು ಹೊರಬಂದ ಮೇಲೆ ಸಂಕರ ತಳಿಗಳು ಬಹಳ ಬಳಕೆಗೆ ಬಂದಿವೆ. ಇವುಗಳ ಫಸಲಿನಿಂದ ತೆಗೆದ ಬೀಜವನ್ನು ಬಿತ್ತಿದರೆ ಗಿಡಗಳು ಎತ್ತರದಲ್ಲಿಯೂ ಹೂಬಿಡುವ ಕಾಲದಲ್ಲಿಯೂ ಒಂದರಂತೆ ಒಂದಿರುವುದಿಲ್ಲ, ಇಳುವರಿಯೂ ಕುಗ್ಗುವುದು. ಮಾರ್ಡನ್ ಎಂಬ ಗಿಡ್ಡ ತಳಿ, ಹಿತ್ತಲಿನ ಹಳೆಯ ಎತ್ತರದ ತಳಿಗಳು ಮುಂತಾದ ಸಂಕರವಲ್ಲದವುಗಳಿಂದ ಮಾತ್ರವೇ ಬೀಜ ಇಡಬೇಕು.

ಆಸರೆ.— ಸುಮಾರು ಮೂರು ಅಡಿ ಬೆಳೆಯುವ ಮಾರ್ಡನ್ ಗಿಡಕ್ಕೆ ಬುಡಕ್ಕೆ ಮಣ್ಣೇರಿಸಿದರೆ ಸಾಕು. ಆಳೆತ್ತರದ ಗಿಡಗಳಿಗೆ ಕೋಲು ಬೇಕು. ಗಿಡ ಬೆಳೆದ ಮೇಲೆ ಕೋಲು ನೆಟ್ಟರೆ ಬೇರು ಕತ್ತರಿಸುವುದರಿಂದ, ಸಸಿಗಳನ್ನು ತೆಳುಮಾಡುವಾಗಲೇ ಬಿದಿರಿನ ಗಳುವನ್ನು ಒಂದೂವರೆ ಅಡಿ ಆಳಕ್ಕೆ ಊರಬೇಕು. ಕೋಲು ಗಿಡದ ಪಶ್ಚಿಮಕ್ಕಿರಲಿ. ಎಳೆಯ ಗಿಡವು ಸೂರ್ಯನನ್ನು ಅನುಸರಿಸಿ ತಿರುಗಿದರೂ ಅರಳಿದ ತೆನೆಯು ಪೂರ್ವಕ್ಕೇ ಮುಖಮಾಡಿ ನಿಲ್ಲುವುದು; ಮುಂಗಾರಿನ ಗಾಳಿಯೂ ಪಶ್ಚಿಮದ ಕಡೆಯಿಂದಲೇ ಬೀಸುವುದು. ಹೀಗೆ ಭಾರವೂ ಗಾಳಿಯೂ ಒಂದೇ ದಿಕ್ಕಿಗೆ ಎಳೆಯುವಾಗ ಹಿಂದಿನಿಂದ ಹಿಡಿದ ಕಟ್ಟು ಗಿಡವನ್ನು ಕಾಪಾಡುವುದು. ಬಾಳೆಯ ನಾರು ಅಥವಾ ಹಳೆಯ ಬಟ್ಟೆಯ ಪಟ್ಟಿಯನ್ನು ಗಿಡಕ್ಕೂ ಕೋಲಿಗೂ ನಡುವೆ ಒಮ್ಮೆ ತಿರುಚಿ ಸಡಿಲವಾಗಿ ಕಟ್ಟಬೇಕು. ಬಿಗಿದ ಸಣ್ಣ ಹುರಿಯು ದಂಟನ್ನು ಕೊಯ್ಯುವುದು. ಜಗಳೂರಿನ ಬಯಲಿನಲ್ಲಿ ಗಾಳಿಗೆ ಎದುರಾಗಿ ಜೋಳದ ಎರಡು ಸಾಲು ಹಾಕಿದರೆ ಇನ್ನೂ ಒಳ್ಳೆಯದು. ಹೊನ್ನಾಳಿಯ ಎರೆಭೂಮಿಯಲ್ಲಿ ನೀರು ನಿಂತರೆ ಬೇರಿನ ಹಿಡಿತ ಸಡಿಲುವುದರಿಂದ ಬಸಿಗಾಲುವೆ ಅವಶ್ಯಕ.

ತಳಿಯ ಶುದ್ಧಿ.— ಸೂರ್ಯಕಾಂತಿಯು ಮುಖ್ಯವಾಗಿ ಜೇನುಹುಳುಗಳಿಂದ ಪರಾಗ ಪಡೆಯುವ ಬೆಳೆ. ಸುತ್ತಿನ ಹೊಲಗಳಲ್ಲಿ ಬೇರೆ ತಳಿಯಿದ್ದರೆ ಬೆರಕೆಯಾಗುವುದು. ಅಂಥ ಸ್ಥಳದಲ್ಲಿ ಅರಳುವ ಮೊದಲೇ ಕೆಲವು ತೆನೆಗಳಿಗೆ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಬೇಕು. ಆದರೆ ಕಟ್ಟಿ ಸುಮ್ಮನಿದ್ದರೆ ಕಾಳು ಜೊಳ್ಳಾಗುವುದು. ಏಕೆಂದರೆ ಅನೇಕ ಗಿಡಗಳು ತಮ್ಮ ಪರಾಗದಿಂದ ತಾವೇ ಕಾಳು ಕಟ್ಟವು. ತೆನೆಯು ಅಂಚಿನಿಂದ ನಡುವಿನ ಕಡೆಗೆ ಅರಳುತ್ತಿರುವ ಸುಮಾರು ಒಂದು ವಾರದ ಕಾಲ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಚೀಲಗಳನ್ನು ಬಿಚ್ಚಿ, ಒಂದು ತೆನೆಯನ್ನು ಸವರಿದ ಮೃದುವಾದ ಬಟ್ಟೆಯಿಂದ ಮತ್ತೊಂದನ್ನು ಸವರಿ, ಕೂಡಲೇ ಚೀಲ ಕಟ್ಟಬೇಕು. ಸಾಧ್ಯವಾದಷ್ಟು ಹೆಚ್ಚು ಗಿಡಗಳಿಂದ ಬೀಜ ಕೂಡಿಸಿದರೆ ತಳಿಯ ಕಸುವು ಉಳಿಯುವುದು. ಹೂವಿನ ಕಾಲದಲ್ಲಿ ಕೀಟನಾಶಕವನ್ನು ಸಿಂಪಡಿಸಲಾಗದು. ಜೇನು ಸತ್ತರೆ ನೆರೆಹೊಲದ ಫಸಲೂ ಕೆಡುವುದು.

ಹಕ್ಕಿಗಳ ಕಾಟ.— ಗಿಳಿಗಳು ಮುಂಜಾನೆಯಲ್ಲಿಯೂ ಸಂಜೆಯಲ್ಲಿಯೂ ಹೆಚ್ಚಾಗಿ ಬೀಳುವವು. ಬೆದರುಬೊಂಬೆ, ತಗಡಿನ ಸದ್ದು, ಹೊಳೆಯುವ ಪಟ್ಟಿ ಇವುಗಳಿಗೆ ಕೆಲವು ದಿವಸಗಳಲ್ಲಿ ಹಕ್ಕಿಗಳು ಒಗ್ಗಿಹೋಗುವುದರಿಂದ ಸ್ಥಳವನ್ನು ಬದಲಾಯಿಸುತ್ತಿರಬೇಕು. ಬೀಜದ ತೆನೆಗಳಿಗಾದರೋ ಚೀಲವೇ ನಂಬತಕ್ಕ ರಕ್ಷಣೆ. ಬೆರಕೆಯ ಭಯವಿಲ್ಲದ ಕಡೆ ಹೊರಗಿನ ಹಳದಿ ಎಸಳುಗಳು ಬಾಡಿದೊಡನೆ ಹಳೆಯ ಪಂಚೆಯ ಬಟ್ಟೆಯನ್ನೋ ಸೊಳ್ಳೆಪರದೆಯ ತುಂಡನ್ನೋ ಕಟ್ಟಬಹುದು. ಪ್ಲಾಸ್ಟಿಕ್ ಚೀಲವು ಸಲ್ಲದು. ಒಳಗೆ ಬೆವೆತು ತೆನೆ ಕೊಳೆಯುವುದು.

ರೋಗ.— 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಂಡ ನಂಜುರೋಗದಲ್ಲಿ ಎಲೆ ಸುಟ್ಟಂತಾಗಿ ತೆನೆ ಸೊಟ್ಟಗಾಗುವುದು. ನುಸಿಯಂಥ ಸಣ್ಣ ಥ್ರಿಪ್ಸ್ ಕೀಟಗಳೂ ಪಾರ್ಥೇನಿಯಂ ಕಳೆಯ ಪರಾಗವೂ ಇದರ ಹರಡುವಿಕೆಗೆ ಕಾರಣ. ಹಿತ್ತಲಿನ ಸುತ್ತಲಿನ ಆ ಕಳೆಯನ್ನು ಹೂ ಬಿಡುವ ಮೊದಲೇ ಕೀಳಬೇಕು.

ಕೊಯ್ಲು ಮತ್ತು ಪರೀಕ್ಷೆ.— ತೆನೆಯ ಬೆನ್ನು ಹಸಿರು ಬಿಟ್ಟು ನಿಂಬೆಯ ಹಳದಿಗೆ ತಿರುಗಿದಾಗ ಗೇಣುದ್ದದ ದಂಟಿನೊಡನೆ ಕೊಯ್ದು, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಅಂಚಿನ ಕಡೆಯ ತುಂಬಿದ ಕಾಳುಗಳನ್ನು ಬೀಜಕ್ಕಿಟ್ಟು, ನಡುವಿನ ಸಣ್ಣ ಕಾಳುಗಳನ್ನು ಬೇರೆ ಮಾಡತಕ್ಕದ್ದು. ತೇವವು ನೂರಕ್ಕೆ 9 ಭಾಗಕ್ಕೆ ಮೀರದಂತೆ ಒಣಗಿಸಿ ಶೇಖರಿಸಬೇಕು. ಹೊಸ ಬೀಜಕ್ಕೆ ಒಂದೂವರೆ ತಿಂಗಳಷ್ಟು ಸುಪ್ತಾವಸ್ಥೆಯಿರುವುದರಿಂದ, ಕೊಯ್ದೊಡನೆ ಮೊಳೆಯದಿದ್ದರೆ ಕೆಟ್ಟಿತೆಂದು ಎಸೆಯಬಾರದು. ಬಿತ್ತನೆಗೆ ಮುಂಚೆ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, 70ಕ್ಕೆ ಕಡಿಮೆಯಿಲ್ಲದೆ ಮೊಳೆತರೆ ಆ ಬೀಜವು ಯೋಗ್ಯವೆಂದು ತಿಳಿಯಬಹುದು.

ಒಂದು ಗಳು, ಒಂದು ತುಂಡು ಹಳೆಯ ಬಟ್ಟೆ, ಒಂದು ವಾರದ ಬೆಳಗಿನ ಕೆಲಸ, ಇಷ್ಟರಿಂದ ಮನೆಯ ತಳಿಯು ಮನೆಯಲ್ಲಿಯೇ ಉಳಿಯುವುದು.