ದೂರಿಗೆ ಉತ್ತರ ಕೊಡುವವರು ಯಾರು?

ಕೋಲಾರದ ನರಸಾಪುರ, ಡಿಸೆಂಬರ್ 12, 2020. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಿಟಕಿ ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು. ಕಾರ್ಮಿಕರ ಈ ದಾಂಧಲೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಆಪಲ್ ನಡೆಸಿದ ಪರಿಶೀಲನೆಯಲ್ಲೇ ಗೊತ್ತಾಗಿದ್ದು ಏನು? ಕೆಲಸದ ಗಂಟೆಗಳ ನಿರ್ವಹಣೆ ಸರಿಯಿರಲಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿತ್ತು. ಎರಡು ತಿಂಗಳು ಇಂಥ ತಪ್ಪು ಉಳಿದುಕೊಂಡಿತೆಂದರೆ, ದೂರಿಗೆ ಉತ್ತರ ಕೊಡುವ ಹೊಣೆ ಯಾರ ಹೆಗಲ ಮೇಲೂ ಸರಿಯಾಗಿ ಇರಲಿಲ್ಲ ಎಂದೇ ಅರ್ಥ.

"ಎಲ್ಲರ ದೂರು ಕೇಳ್ತಾ ಕೂತರೆ ಉತ್ಪಾದನೆ ನಿಲ್ಲುತ್ತೆ" ಅನ್ನುವ ಮ್ಯಾನೇಜರ್‌ಗಳಿದ್ದಾರೆ. ಅವರು ಟೊಯೋಟಾದ ಆಂಡನ್ ಪದ್ಧತಿ ನೋಡಬೇಕು. ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಅಲ್ಲಿಗೇ ಬರುತ್ತಾನೆ. ಕಾರು ನಿಗದಿತ ಗೆರೆ ದಾಟುವುದರೊಳಗೆ ದೋಷ ಸರಿಹೋದರೆ ಉತ್ಪಾದನಾ ಲೈನ್ ನಿಲ್ಲುವುದೇ ಇಲ್ಲ. ಬೇಗ ಕೇಳಿಸಿಕೊಂಡಷ್ಟೂ ನಷ್ಟ ಕಡಿಮೆ.

ಸಂಬಳ, ಪಾಳಿ, ರಜೆಯ ದೂರಿಗೂ ಇದೇ ಶಿಸ್ತು ಬೇಕು. ಯಾರು ಉತ್ತರಿಸಬೇಕು, ಎಷ್ಟು ದಿನದೊಳಗೆ ಎಂಬುದು ಬರಹದಲ್ಲಿರಲಿ. ಎಲ್ಲ ಬೇಡಿಕೆ ಈಡೇರಬೇಕೆಂದಿಲ್ಲ. "ಆಗಲ್ಲ, ಕಾರಣ ಇದು" ಎಂಬುದೂ ಉತ್ತರವೇ. ಗೋಡೆಗೆ ನೇತುಹಾಕಿದ ಸಲಹಾ ಪೆಟ್ಟಿಗೆ ಆ ಕೆಲಸ ಮಾಡಲಾರದು.