ನೀಲಿ ಪರದೆ 7ಬಿ: ಹಾರ್ಡ್ ಡಿಸ್ಕ್ ಬದಲಿಸೋ ಮುಂಚೆ

ಟಿ. ದಾಸರಹಳ್ಳಿ, ಪೀಣ್ಯ ಕಡೆಯ ವರ್ಕ್‌ಶಾಪ್ ನಿಮ್ಮದಾ? ಬಿಲ್ಲು, ಡ್ರಾಯಿಂಗು ಎಲ್ಲಾ ಒಂದು ಹಳೇ ಕಂಪ್ಯೂಟರಲ್ಲೇ ಇದೆಯಾ? ಹಾಗಾದ್ರೆ ಇದನ್ನ ಕೇಳಿ.

ಆಯುಧಪೂಜೆ ರಜೆ ಮುಗಿಸಿ ಸ್ವಿಚ್ ಹಾಕ್ತೀರ. ನೀಲಿ ಪರದೆ, ಎರರ್ 7ಬಿ. ಡಿಸ್ಕ್ ಹೋಯ್ತು ಅಂತ ಹೊಸದು ತರೋಕೆ ಎಸ್.ಪಿ. ರೋಡಿಗೆ ಓಡಬೇಡಿ. ಡಿಸ್ಕ್ ಚೆನ್ನಾಗಿಯೇ ಇರಬಹುದು, ವಿಂಡೋಸ್‌ಗೆ ಅದನ್ನ ಓದೋ ಡ್ರೈವರ್ ಸಿಕ್ತಿಲ್ಲ ಅಷ್ಟೆ.

ಯಾಕೆ? ಮದರ್‌ಬೋರ್ಡಲ್ಲಿ ಸಿಆರ್ 2032 ಅನ್ನೋ ಪುಟ್ಟ ಬ್ಯಾಟರಿ ಇರುತ್ತೆ. ಅದು ಸತ್ತು, ಪ್ಲಗ್ಗೂ ಕಿತ್ತಿಟ್ಟಿದ್ರೆ, ಬಯಾಸ್ ತನ್ನ ಸೆಟ್ಟಿಂಗ್ ಎಲ್ಲಾ ಮರೆತುಬಿಡುತ್ತೆ. ಎಎಚ್‌ಸಿಐ ಇದ್ದ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡೋ ರೀತಿ) ಐಡಿಇ ಆಗಿ ಕೂತಿರಬಹುದು. ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಬಯಾಸ್‌ಗೆ ಹೋಗಿ ಹಿಂದೆ ಇದ್ದ ಮೋಡ್ ಹಾಕಿ. ಸಾಮಾನ್ಯವಾಗಿ ಇಷ್ಟಕ್ಕೇ ಮುಗೀತು.

ಬೇಕಂತಲೇ ಐಡಿಇಯಿಂದ ಎಎಚ್‌ಸಿಐಗೆ ಹೋಗ್ಬೇಕಾ? ವಿಂಡೋಸ್ 7 ಆದ್ರೆ ಮೊದಲು ರಿಜಿಸ್ಟ್ರಿ ಬ್ಯಾಕಪ್ ತಗೊಳ್ಳಿ. ರಿಜಿಸ್ಟ್ರಿಯ ಸರ್ವೀಸಸ್ ಒಳಗೆ ಎಂಎಸ್‌ಎಎಚ್‌ಸಿಐ ಹುಡುಕಿ, ಅದರ ಸ್ಟಾರ್ಟ್ ಬೆಲೆ 3 ಇದ್ರೆ 0 ಮಾಡಿ. 3 ಅಂದ್ರೆ ಕರೆದಾಗ ಬಾ, 0 ಅಂದ್ರೆ ಬೂಟ್ ಆಗುವಾಗಲೇ ಬಾ. ಆಮೇಲೆ ಬಯಾಸ್ ಮುಟ್ಟಿ.

ವಿಂಡೋಸ್ 10ರಲ್ಲಿ ಇನ್ನೂ ಸುಲಭ: ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸಲ್ಲಿ ಮೋಡ್ ಬದಲಿಸಿ. ಸೇಫ್ ಮೋಡಲ್ಲಿ ಒಮ್ಮೆ ತೆರೆದುಕೊಂಡ್ರೆ ಟಿಕ್ ತೆಗೆದುಬಿಡಿ. ಬಿಟ್‌ಲಾಕರ್ ಇದ್ರೆ ರಿಕವರಿ ಕೀ ಬರೆದಿಟ್ಟುಕೊಂಡೇ ಶುರು ಮಾಡಿ.

ಇನ್ನೊಂದು ಮಾತು. ವಿಂಡೋಸ್ ಓಡ್ತಾ ಇದ್ದು, ಈವೆಂಟ್ ವ್ಯೂವರಲ್ಲಿ 'ಡಿಸ್ಕ್, ಈವೆಂಟ್ 11, ಕಂಟ್ರೋಲರ್ ಎರರ್' ಅಂತ ಪದೇ ಪದೇ ಬಂದ್ರೆ ಅದು ಬೇರೆ ಕಾಯಿಲೆ. ರಿಜಿಸ್ಟ್ರಿ ಕೆದಕಬೇಡಿ. ಮೊದಲು ಡೇಟಾ ಕಾಪಿ, ಆಮೇಲೆ ಸಾಟಾ ಕೇಬಲ್ ಬದಲಿಸಿ ನೋಡಿ.